ಪೀಟರ್ ಮತ್ತು ಮೊಲ: 1924ರ ಒಂದು ಭಯ ನಿವಾರಣೆಯ ಪ್ರಕರಣ ಅಧ್ಯಯನ

ಎರಡು ವರ್ಷ ಹತ್ತು ತಿಂಗಳಿನ ಒಬ್ಬ ಹುಡುಗನನ್ನು ಆಟದ ಕೋಣೆಯಲ್ಲಿ, ಸುತ್ತ ಕಟಕಟೆಯಿದ್ದ ಮಗುವಿನ ಮಂಚದೊಳಗೆ ಕೂರಿಸಲಾಗಿತ್ತು. ಅಲ್ಲಿದ್ದ ಆಟಿಕೆಗಳಲ್ಲಿ ಅವನು ಕೂಡಲೇ ಮೈಮರೆತ. ಪರದೆಯ ಹಿಂದೆ ನಿಂತಿದ್ದ ಸಂಶೋಧಕಿ ಅವನ ಬೆನ್ನ ಕಡೆಯಿಂದ ಒಂದು ಬಿಳಿ ಇಲಿಯನ್ನು ಮಂಚದೊಳಕ್ಕೆ ಬಿಟ್ಟರು. ಇಲಿ ಕಣ್ಣಿಗೆ ಬಿದ್ದದ್ದೇ ತಡ, ಹುಡುಗ ಕಿಟಾರನೆ ಕಿರುಚಿ ಅಂಗಾತ ಬಿದ್ದುಬಿಟ್ಟ. ಇಲಿಯನ್ನು ತೆಗೆದು, ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಅದೇ ಮಂಚಕ್ಕೆ ಬಾರ್ಬರಾ ಎಂಬ ಹುಡುಗಿಯನ್ನು ಕರೆತಂದು ಅದೇ ಇಲಿಯನ್ನು ಬಿಟ್ಟಾಗ ಅವಳು ಅಳುಕದೆ ಅದನ್ನು ಕೈಗೆತ್ತಿಕೊಂಡಳು. ಹುಡುಗನ ಮಣಿಸರವೊಂದು ಮಂಚದಲ್ಲೇ ಉಳಿದುಹೋಗಿತ್ತು. ಇಲಿ ಅದಕ್ಕೆ ತಾಗಿದಾಗಲೆಲ್ಲ ಅವನು ಕುರ್ಚಿಯಿಂದಲೇ ‘ನನ್ನ ಮಣಿ’ ಎಂದು ದೂರುತ್ತಿದ್ದ; ಬಾರ್ಬರಾ ಮುಟ್ಟಿದರೆ ಮಾತ್ರ ಅವನ ತಕರಾರಿರಲಿಲ್ಲ. ಕೆಳಗಿಳಿದು ಬಾ ಎಂದರೆ ತಲೆಯಾಡಿಸಿದ. ಅವನು ಮತ್ತೆ ನಿರಾಳವಾಗಿ ಆಡುವಂತಾಗಲು 25 ನಿಮಿಷ ಬೇಕಾಯಿತು.

ಸಂಶೋಧನಾ ವರದಿಯಲ್ಲಿ ಪೀಟರ್ ಎಂದು ಕರೆಯಲಾದ ಈ ಹುಡುಗನ ಪ್ರಕರಣವನ್ನು ನಡೆಸಿ ಬರೆದವರು ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ದೊರೆತಿದ್ದ ಸಂಶೋಧನಾ ನಿಧಿಯ ನೆರವಿನಿಂದ ಅವರು, ತಂದೆತಾಯಿಯರು ತಾತ್ಕಾಲಿಕವಾಗಿ ಬಿಟ್ಟುಹೋದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಂದರಲ್ಲಿ ಮಕ್ಕಳ ಭಯಗಳನ್ನು ಅಭ್ಯಸಿಸುತ್ತಿದ್ದರು. ಪ್ರಕರಣ 1924ರಲ್ಲಿ ಪ್ರಕಟವಾಯಿತು. ಅಂಜಿಕೆಯನ್ನು ಮಾತಿನಿಂದಲ್ಲದೆ, ಹಂತಹಂತವಾಗಿ ಅಳೆದು, ಪ್ರಯೋಗಶಾಲೆಯ ಕ್ರಮದಲ್ಲಿ ಕಳೆದ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು. ಇಂದು ಫೋಬಿಯಾ, ಅಂದರೆ ಯಾವುದೋ ಒಂದರ ವಿಪರೀತ ಭಯ, ಎಂದು ಬರುವವರಿಗೆ ಮನಶ್ಶಾಸ್ತ್ರಜ್ಞರು ಕೊಡುವ ಚಿಕಿತ್ಸೆಯ ಬೇರನ್ನು ಹುಡುಕುತ್ತ ಹೋದರೆ ಅದು ಈ ಕೋಣೆಗೆ ಬಂದು ಮುಟ್ಟುತ್ತದೆ. ಜೋನ್ಸ್ ಮಾತ್ರ ಈ ವರದಿಯಲ್ಲಿ ‘ಭಯ’ ಎಂಬ ಸರಳ ಪದವನ್ನೇ ಬಳಸಿದರು. ಅದರಿಂದ ಏನೂ ನಷ್ಟವಾದಂತಿಲ್ಲ.

ಈ ಅಧ್ಯಯನಕ್ಕೆ ಒಂದು ಅಹಿತಕರವಾದ ಹಿನ್ನೆಲೆಯಿದೆ. ಮನೋವಿಜ್ಞಾನಿ ಜಾನ್ ಬಿ. ವಾಟ್ಸನ್ ಮತ್ತು ಅವರ ಸಹಾಯಕಿ ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಬರ್ಟ್ ಎಂದು ಹೆಸರಿಸಲಾದ ಸುಮಾರು ಹನ್ನೊಂದು ತಿಂಗಳ ಕೂಸಿಗೆ ಬಿಳಿ ಇಲಿಯನ್ನು ತೋರಿಸಿ, ಅದೇ ಹೊತ್ತಿಗೆ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಹೊಡೆದು ಸದ್ದು ಮಾಡಲಾಗಿತ್ತು. ಮುಂಚೆ ಇಲಿಗೆ ಹೆದರದಿದ್ದ ಕೂಸು ಬರಬರುತ್ತ ಇಲಿ ಕಂಡರೆ ಅಳತೊಡಗಿತು. ಮೊಲ, ನಾಯಿ, ತುಪ್ಪಳದ ಕೋಟುಗಳ ಮುಂದೆಯೂ ಕಂಗೆಟ್ಟಿತು. ಅನುಬಂಧನದ ಮೂಲಕ, ಅಂದರೆ ಒಂದನ್ನು ಇನ್ನೊಂದರ ಜೊತೆಜೊತೆಗೇ ಒದಗಿಸಿ ಮನಸ್ಸಿನಲ್ಲಿ ಬೆಸೆಯುವ ಮೂಲಕ, ಭಯವನ್ನು ಹುಟ್ಟಿಸಬಹುದು ಎಂದು ತೋರಿಸಿದ ಆ ಸಂಶೋಧಕರು ಹುಟ್ಟಿಸಿದ ಭಯವನ್ನು ಕಳೆಯಲಿಲ್ಲ. ಅಷ್ಟರಲ್ಲಿ ಮಗು ಆಸ್ಪತ್ರೆಯಿಂದ ಹೊರಟುಹೋಗಿತ್ತು. ಜೋನ್ಸ್ ಅವರು ರೇನರ್ ಅವರಿಗೆ ವಾಸರ್ ಕಾಲೇಜಿನ ದಿನಗಳಿಂದ ಗೆಳತಿ. ಅಷ್ಟರಲ್ಲಿ ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿ ಸೇರಿದ್ದ ವಾಟ್ಸನ್ ಈ ಹೊಸ ಅಧ್ಯಯನಕ್ಕೆ ಸಲಹೆಗಾರರಾಗಿದ್ದರು. ಪೀಟರನನ್ನು ನೋಡಿದಾಗ ಜೋನ್ಸ್ ಅವರಿಗೆ ಆಲ್ಬರ್ಟನೇ ತುಸು ದೊಡ್ಡವನಾಗಿ ಎದುರು ಬಂದಂತೆ ಅನ್ನಿಸಿತು. ಒಂದು ವ್ಯತ್ಯಾಸವಿತ್ತು: ಪೀಟರನ ಭಯವನ್ನು ಯಾರೂ ಪ್ರಯೋಗಕ್ಕೆಂದು ಹುಟ್ಟಿಸಿರಲಿಲ್ಲ. ಅದು ಅವನ ಮನೆಯಿಂದಲೇ ಬಂದಿತ್ತು.

ಚಿಕಿತ್ಸೆಗೆ ಮುನ್ನ ಜೋನ್ಸ್ ಭಯದ ಎಲ್ಲೆಗಳನ್ನು ಗುರುತಿಸಿದರು. ಮರುದಿನ ಅದೇ ಮಂಚದಲ್ಲಿ ಒಂದೊಂದಾಗಿ ವಸ್ತುಗಳನ್ನು ಮುಂದಿಟ್ಟರು. ಬಿಳಿ ಚೆಂಡು ಉರುಳಿ ಬಂದಾಗ ಹುಡುಗ ಅದನ್ನು ಹಿಡಿದುಕೊಂಡ. ತುಪ್ಪಳದ ಕೋಟನ್ನು ಕಟಕಟೆಗೆ ನೇತುಹಾಕಿದಾಗ ಅದನ್ನು ತೆಗೆಯುವ ತನಕ ಅತ್ತ. ಹತ್ತಿ ಕಂಡಾಗ ಮುಲುಗುಟ್ಟಿ ಹಿಂದೆ ಸರಿದ. ಗರಿ ಸಿಕ್ಕಿಸಿದ ಟೋಪಿಗೂ ಅತ್ತ. ನೀಲಿ ಉಣ್ಣೆಯ ಸ್ವೆಟರಿಗೆ ಹೆದರಲಿಲ್ಲ. ಮರದ ಗೊಂಬೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಟ್ಟೆಯ ಆಟಿಕೆ ಮೊಲದ ಮುಂದೆ ಇಷ್ಟವನ್ನೂ ತೋರಿಸಲಿಲ್ಲ, ಅಂಜಿಕೆಯನ್ನೂ ತೋರಿಸಲಿಲ್ಲ. ಅಂದರೆ ಬಿಳಿಯ ಬಣ್ಣವೊಂದೇ ಅವನನ್ನು ಕಾಡುತ್ತಿರಲಿಲ್ಲ, ಮೆತ್ತಗಿರುವುದೆಲ್ಲವೂ ಕಾಡುತ್ತಿರಲಿಲ್ಲ. ಇಂದಿನ ಚಿಕಿತ್ಸಕರು ಮೊದಲ ಒಂದೆರಡು ಭೇಟಿಗಳನ್ನು ಇಂಥದೇ ವಿಚಾರಣೆಗೆ ಮೀಸಲಿಡುತ್ತಾರೆ. ‘ನಾಯಿಯ ಭಯ’ ಎಂದು ಬಂದವರು ಹೆದರುವುದು ಬೊಗಳುವ ಸದ್ದಿಗೋ, ಮೈಮೇಲೆ ಎಗರುವುದಕ್ಕೋ, ಕಚ್ಚಿಸಿಕೊಂಡ ಮೇಲಿನ ಇಂಜೆಕ್ಷನ್ನಿಗೋ ಎಂಬುದು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗುವುದಿಲ್ಲ.

ಪರೀಕ್ಷೆಯಲ್ಲಿ ಇಲಿಗಿಂತಲೂ ಮೊಲವೇ ಹೆಚ್ಚು ಹೆದರಿಸುತ್ತದೆಂದು ಗೊತ್ತಾದ್ದರಿಂದ ಮೊಲವನ್ನೇ ಆರಿಸಿಕೊಳ್ಳಲಾಯಿತು. ಮೊದಲ ಘಟ್ಟದ ಕ್ರಮ ಸರಳವಾಗಿತ್ತು. ಮೊಲಕ್ಕೆ ಸ್ವಲ್ಪವೂ ಹೆದರದ ಮೂವರು ಮಕ್ಕಳ ಜೊತೆ ಪೀಟರನನ್ನು ಪ್ರತಿದಿನ ಆಟಕ್ಕೆ ಬಿಡುವುದು, ಆಟದ ನಡುವೆ ಮೊಲವನ್ನು ತರುವುದು. ಕೋಣೆಯ ಯಾವ ಮೂಲೆಯಲ್ಲಿ ಮೊಲದ ಪಂಜರವಿದ್ದರೂ ಅಳುತ್ತಿದ್ದವನು ಕ್ರಮೇಣ ಅದು 12 ಅಡಿ ದೂರದಲ್ಲಿದ್ದರೆ ಸಹಿಸಿಕೊಂಡ, ಆಮೇಲೆ 4 ಅಡಿ, ಆಮೇಲೆ 3 ಅಡಿ. ಮುಂದೆ ಪಂಜರ ಪಕ್ಕದಲ್ಲಿದ್ದರೂ ಸರಿ, ಮೊಲ ಕೋಣೆಯಲ್ಲಿ ಬಿಡುಬೀಸಾಗಿ ಓಡಾಡಿದರೂ ಸರಿ ಎನ್ನುವಂತಾದ. ಸಂಶೋಧಕಿ ಹಿಡಿದುಕೊಂಡಾಗ ಮುಟ್ಟಿದ, ಆಮೇಲೆ ಬಿಟ್ಟ ಮೊಲವನ್ನೂ ಮುಟ್ಟಿದ. ಒಂಬತ್ತನೆಯ ಮೆಟ್ಟಿಲು ಓದುಗರಿಗೆ ವಿಚಿತ್ರವೆನಿಸಬಹುದು: ಮೊಲದ ಮೇಲೆ ಉಗುಳುವುದು, ಅದರತ್ತ ಏನಾದರೂ ಎಸೆಯುವುದು, ಅದನ್ನು ಅಣಕಿಸುವುದು. ಶಿಸ್ತಿನ ಕಣ್ಣಿಗೆ ಇದು ತುಂಟತನ; ಜೋನ್ಸ್ ಇದನ್ನು ಸಹನೆಯ ಏರುಗತಿಯಲ್ಲೇ ದಾಖಲಿಸಿದರು, ಅದು ಸರಿಯೂ ಹೌದು, ಏಕೆಂದರೆ ಎದುರಾಳಿಯನ್ನು ಅಣಕಿಸುವವನು ಅದಾಗಲೇ ಓಡಿಹೋಗುವುದನ್ನು ನಿಲ್ಲಿಸಿರುತ್ತಾನೆ.

ಒಟ್ಟು ಮೆಟ್ಟಿಲುಗಳು ಹದಿನೇಳು. ಕೊನೆಯವು, ಮೊಲವನ್ನು ಪ್ರೀತಿಯಿಂದ ನೇವರಿಸುವುದು ಮತ್ತು ತನ್ನ ಬೆರಳುಗಳನ್ನು ಅದು ಮೆಲ್ಲಗೆ ಕಚ್ಚಲು ಬಿಡುವುದು. ಈ ಪಟ್ಟಿಯನ್ನು ಯಾರೂ ಮೊದಲೇ ಬರೆದಿಟ್ಟುಕೊಂಡು ಹುಡುಗನನ್ನು ಅದರ ಮೇಲೆ ಹತ್ತಿಸಲಿಲ್ಲ. ಅವನು ನಡೆದ ದಾರಿಯನ್ನು ಟಿಪ್ಪಣಿಗಳಿಂದ ಆಮೇಲೆ ಎತ್ತಿ ಬರೆದದ್ದು. ತಮ್ಮ ಕಣ್ಣಿಗೆ ಪ್ರಗತಿಯೆಂದು ಕಂಡದ್ದು ನಿಜಕ್ಕೂ ಪ್ರಗತಿಯೇ ಎಂಬ ಅನುಮಾನ ಬಂದಾಗ ಜೋನ್ಸ್ ಈ ಹೆಜ್ಜೆಗಳನ್ನು ಕಲಸಿ, ಮನೋವಿಜ್ಞಾನದ ಆರು ಮಂದಿ ವಿದ್ಯಾರ್ಥಿಗಳಿಗೆ ಮತ್ತು ಬೋಧಕರಿಗೆ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು. ಅವರ ಜೋಡಣೆಗೂ ಜೋನ್ಸ್ ಅವರದಕ್ಕೂ ಸರಾಸರಿ ಸಹಸಂಬಂಧ (ಎರಡು ಜೋಡಣೆಗಳು ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) 0.70 ಬಂತು. ಪರಿಪೂರ್ಣವಲ್ಲ, ಆದರೆ ಕಡೆಗಣಿಸುವಂಥದೂ ಅಲ್ಲ.

ಒಂಬತ್ತು ಮೆಟ್ಟಿಲು ಹತ್ತಿದ ಹುಡುಗನಿಗೆ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಎರಡು ತಿಂಗಳ ನಂತರ ಮರಳಿದಾಗ ಅವನ ಭಯ ಮೊದಲಿನ ಮಟ್ಟಕ್ಕೇ ಹೋಗಿತ್ತು. ಕಾರಣವನ್ನು ದಾದಿ ವಿವರಿಸಿದರು: ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಕ್ಸಿ ಹತ್ತುತ್ತಿದ್ದಾಗ ಓಡಿಬಂದ ದೊಡ್ಡ ನಾಯಿಯೊಂದು ಅವರಿಬ್ಬರ ಮೇಲೆ ಎಗರಿತ್ತು. ದಾದಿಯೂ ಹೆದರಿದ್ದರು. ಹುಡುಗನಂತೂ ಬಿಳಿಚಿಕೊಂಡು ಸೀಟಿಗೆ ಒರಗಿ ಮಾತಿಲ್ಲದೆ ಮಲಗಿಬಿಟ್ಟದ್ದರಿಂದ, ಮತ್ತೆ ಆಸ್ಪತ್ರೆಗೇ ಕರೆದೊಯ್ಯಬೇಕೇ ಎಂದು ಅವರು ಯೋಚಿಸಿದ್ದರು. ನಾಯಿಗೂ ಮೊಲಕ್ಕೂ ಏನು ಸಂಬಂಧ ಎಂದು ವಯಸ್ಕರ ತರ್ಕ ಕೇಳುತ್ತದೆ. ಭಯ ಈ ತರ್ಕವನ್ನು ಕೇಳುವುದಿಲ್ಲ. ಜೊತೆಗಿದ್ದ ದೊಡ್ಡವರೇ ನಡುಗಿದ್ದನ್ನು ಮಗು ಕಂಡಿತ್ತೆಂಬುದನ್ನೂ ಇಲ್ಲಿ ಗಮನಿಸಬೇಕು. ಹೆದರದ ಮಕ್ಕಳನ್ನು ನೋಡಿ ಧೈರ್ಯ ಕಲಿತವನು, ಹೆದರಿದ ದಾದಿಯನ್ನು ನೋಡಿ ಏನನ್ನು ಕಲಿತಿರಬೇಕು?

ಜೋನ್ಸ್ ಅವರು ಬೇರೆ ವಿಧಾನಕ್ಕೆ ಹೊರಳಿದ್ದು ಈ ಘಟ್ಟದಲ್ಲಿ. ಅದನ್ನು ಅವರು ನೇರ ಅನುಬಂಧನವೆಂದು ಕರೆದರು. ಪೀಟರನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಇಷ್ಟವಾದ ತಿನಿಸನ್ನು ಕೊಟ್ಟು, ಅವನು ತಿನ್ನುತ್ತಿರುವಾಗ ಮೊಲವನ್ನು ತಂತಿಯ ಪಂಜರದಲ್ಲಿಟ್ಟು ಒಳಗೆ ತರುತ್ತಿದ್ದರು. ಎಷ್ಟು ಹತ್ತಿರ ತರಬೇಕೆಂಬುದಕ್ಕೆ ಒಂದೇ ಅಳತೆ: ಅವನು ತಿನ್ನುವುದು ನಿಲ್ಲಬಾರದು. ಬಹಳ ಕಡೆ ಈ ಪ್ರಕರಣವನ್ನು ‘ಮಿಠಾಯಿ ಕೊಟ್ಟರು, ಮೊಲ ತಂದರು, ಭಯ ಹೋಯಿತು’ ಎಂದು ಮೂರು ಮಾತಿನಲ್ಲಿ ಮುಗಿಸುತ್ತಾರೆ. ಮಿಠಾಯಿಗೆ ಅಷ್ಟೊಂದು ಶ್ರೇಯಸ್ಸು ಸಲ್ಲಬಾರದೆಂದು ನನ್ನ ಅಭಿಪ್ರಾಯ. ಕೆಲಸ ಮಾಡಿದ್ದು ಪಂಜರ ಹಿಡಿದವರ ಕಣ್ಣು. ಅವರು ಅಡಿಗೋಲನ್ನು ನೋಡದೆ ಮಗುವಿನ ಬಾಯನ್ನು ನೋಡಿ ಹೆಜ್ಜೆ ಇಟ್ಟರು. ಅಗಿಯುವುದು ನಿಧಾನವಾದರೆ ನಿಂತರು. ಇದರ ಅಪಾಯವನ್ನೂ ಜೋನ್ಸ್ ಮುಚ್ಚಿಡಲಿಲ್ಲ. ಅದೇ ವರ್ಷ ಪ್ರಕಟವಾದ ತಮ್ಮ ಇನ್ನೊಂದು ಲೇಖನದಲ್ಲಿ, ಈ ವಿಧಾನವನ್ನು ಬಹಳ ನಾಜೂಕಾಗಿ ಬಳಸಬೇಕೆಂದೂ, ಆತುರಪಟ್ಟರೆ ಊಟದ ಹಿತ ಮೊಲಕ್ಕೆ ಅಂಟುವ ಬದಲು ಮೊಲದ ಭಯ ಊಟಕ್ಕೆ ಅಂಟಬಹುದೆಂದೂ ಎಚ್ಚರಿಸಿದರು. ತಟ್ಟೆಯ ಮುಂದೆ ಮಗುವನ್ನು ಹೆದರಿಸಿ ಉಣಿಸುವ ಅಭ್ಯಾಸವಿರುವ ಮನೆಗಳಿಗೆ ಈ ಮಾತು ಬೇರೆ ರೀತಿಯಲ್ಲೂ ಅನ್ವಯಿಸುತ್ತದೆ.

ಬೇರೆ ಮಕ್ಕಳನ್ನು ಕರೆತರುವುದನ್ನು ಅವರು ಪೂರ್ತಿ ಕೈಬಿಡಲಿಲ್ಲ. ಒಂದು ದಿನ ಪೀಟರ್ ಮತ್ತು ಲಾರೆನ್ಸ್ ಎಂಬ ಹುಡುಗ ಒಟ್ಟಿಗೆ ಕೂತು ಮಿಠಾಯಿ ತಿನ್ನುತ್ತಿದ್ದರು. ಪಂಜರವನ್ನು 12 ಅಡಿ ದೂರದಲ್ಲಿ ಇಡುತ್ತಲೇ ಪೀಟರ್ ಅಳತೊಡಗಿದ. ಲಾರೆನ್ಸ್ ‘ಓ, ಮೊಲ!’ ಎಂದು ಕುರ್ಚಿಯಿಂದ ಜಾರಿ ಇಳಿದು ಓಡಿಹೋಗಿ ಪಂಜರದೊಳಗೆ ಇಣುಕಿದ. ಪೀಟರನೂ ಅವನ ಬೆನ್ನಿಗೇ ಹೋಗಿ ನಿಂತು ನೋಡಿದ. ವಾರಗಟ್ಟಲೆ ಸಾಧಿಸಬೇಕಾದ ದೂರವನ್ನು ಗೆಳೆಯನ ಒಂದು ಉದ್ಗಾರ ಕೆಲವೇ ಕ್ಷಣಗಳಲ್ಲಿ ಕಳೆಯಿತು.

ಇನ್ನೊಂದು ಸಂಗತಿ, ವರದಿಯಲ್ಲಿ ಬಹಳ ಚಿಕ್ಕದಾಗಿ ಬಂದದ್ದು. ಡಾ. ಎಸ್. ಎಂದಷ್ಟೇ ಸೂಚಿಸಲಾದ ಸಹಾಯಕರೊಬ್ಬರು ಹಾಜರಿದ್ದ ದಿನ ಪೀಟರನ ವರ್ತನೆ ಎದ್ದುಕಾಣುವಂತೆ ಸುಧಾರಿಸಿತ್ತು. ಅವರೇ ತನ್ನ ಅಪ್ಪ ಎಂದು ಹುಡುಗ ಪಟ್ಟುಹಿಡಿದು ಹೇಳುತ್ತಿದ್ದನಂತೆ. ಅವರು ಧೈರ್ಯ ಹೇಳಲಿಲ್ಲ, ಸಲಹೆ ಕೊಡಲಿಲ್ಲ, ಸುಮ್ಮನೆ ಅಲ್ಲಿದ್ದರು. ಅವರು ಹತ್ತಿರವಿದ್ದದ್ದೇ ಮಗುವಿಗೆ ಒಟ್ಟಾರೆ ನೆಮ್ಮದಿ ತಂದಿರಬಹುದೆಂದು ಜೋನ್ಸ್ ಊಹಿಸುತ್ತಾರೆ. ವರ್ತನೆಯನ್ನು ಮಾತ್ರ ಅಳೆಯಬೇಕು, ಉಳಿದದ್ದನ್ನು ಹೊರಗಿಡಬೇಕು ಎಂದು ವಾದಿಸುತ್ತಿದ್ದ ಪಂಥದ ನೆರಳಲ್ಲಿ ಬರೆಯುತ್ತಿದ್ದವರು ಈ ಸಾಲನ್ನು ಅಳಿಸಿಹಾಕಬಹುದಿತ್ತು. ಅಳಿಸಲಿಲ್ಲ.

ಪ್ರಗತಿಯ ರೇಖಾಚಿತ್ರ ಏರುತ್ತಲೇ ಹೋಗುವ ಗೆರೆಯಲ್ಲ. ಅಲ್ಲಲ್ಲಿ ಸಮತಟ್ಟು, ಅಲ್ಲಲ್ಲಿ ಹಠಾತ್ ಜಿಗಿತ, ಅಲ್ಲಲ್ಲಿ ಕುಸಿತ. ಒಮ್ಮೆ ಮೊಲವನ್ನು ಪಂಜರಕ್ಕೆ ಸಾಗಿಸಲು ನೆರವಾಗುತ್ತಿದ್ದಾಗ ಅದು ಪೀಟರನನ್ನು ಸ್ವಲ್ಪ ಪರಚಿತು. ಗೆರೆ ಕೆಳಗೆ ಬಿತ್ತು. ಆದರೆ ನಾಯಿಯ ಘಟನೆಯ ನಂತರ ಆದಂತೆ ಈ ಬಾರಿ ಎಲ್ಲವೂ ಕೊಚ್ಚಿಹೋಗಲಿಲ್ಲ. ಕಳೆದುಕೊಂಡದ್ದನ್ನು ಅವನು ಬೇಗ ಮರಳಿ ಪಡೆದ. ಕೊನೆಕೊನೆಯ ದಿನಗಳ ಒಂದು ಟಿಪ್ಪಣಿಯಲ್ಲಿ, ಎತ್ತರದ ಕುರ್ಚಿಯ ಮೇಲೆ ನಿಂತು ಕಿಟಕಿಯಾಚೆ ನೋಡುತ್ತಿದ್ದ ಪೀಟರ್ ತಾನಾಗಿಯೇ ‘ಮೊಲ ಎಲ್ಲಿ?’ ಎಂದು ಕೇಳುತ್ತಾನೆ. ಮೊಲವನ್ನು ಅವನ ಕಾಲ ಬಳಿ ಬಿಡುತ್ತಾರೆ. ಅದನ್ನು ತಟ್ಟಿ, ಎತ್ತಲು ನೋಡಿ, ಭಾರವೆಂದು ತಿಳಿದು, ಕಿಟಕಿಯ ಕಟ್ಟೆಯ ಮೇಲಿಡಲು ಸಂಶೋಧಕಿಯ ನೆರವು ಕೇಳಿ, ಹಲವು ನಿಮಿಷ ಅದರೊಡನೆ ಆಡುತ್ತಾನೆ. ಮುಂದೊಂದು ದಿನ ಮೊಲ ಕಂಡು ಬಹಳ ಕಂಗಾಲಾದ ಇನ್ನೊಂದು ಮಗು ಪಕ್ಕದಲ್ಲಿದ್ದಾಗಲೂ ಅವನು ಅಂಜಲಿಲ್ಲ.

ಒಂದರ ಭಯ ಕಳೆದರೆ ಉಳಿದವುಗಳ ಭಯವೂ ಕಳೆಯುತ್ತದೆಯೇ ಎಂಬುದು ಜೋನ್ಸ್ ಅವರ ಎರಡನೆಯ ಪ್ರಶ್ನೆಯಾಗಿತ್ತು. ಹತ್ತಿ, ತುಪ್ಪಳದ ಕೋಟು, ಗರಿ ಇವುಗಳ ಭಯ ಕೊನೆಯ ಭೇಟಿಯ ಹೊತ್ತಿಗೆ ಸಂಪೂರ್ಣ ಹೋಗಿತ್ತು. ಇಲಿಗಳ ವಿಷಯದಲ್ಲಿ ಪ್ರೀತಿ ಹುಟ್ಟಲಿಲ್ಲವಾದರೂ ಅವುಗಳಿದ್ದ ತಗಡಿನ ಡಬ್ಬಿಯನ್ನು ಎತ್ತಿಕೊಂಡು ಕೋಣೆಯೆಲ್ಲ ತಿರುಗುತ್ತಿದ್ದ. ಎಂದೂ ಕಾಣದ ಪ್ರಾಣಿ ಎದುರಾದರೆ ಏನು ಮಾಡುವನೆಂದು ನೋಡಲು ಒಂದು ಚುಂಡಿಲಿಯನ್ನೂ ಎರೆಹುಳುಗಳ ಗೋಜಲನ್ನೂ ತೋರಿಸಿದಾಗ ಮೊದಲು ಸ್ವಲ್ಪ ಹಿಂಜರಿದ. ಭೇಟಿ ಮುಗಿಯುವ ಮುನ್ನ ಎರೆಹುಳುಗಳನ್ನು ಹಿಡಿದು ಓಡಾಡುತ್ತಿದ್ದ.

ಪೀಟರನಲ್ಲಿ ಫಲಿಸಿದ್ದರ ಬೆಲೆ ತಿಳಿಯಬೇಕಾದರೆ, ಬೇರೆ ಮಕ್ಕಳಲ್ಲಿ ಫಲಿಸದೆ ಹೋದದ್ದನ್ನೂ ನೋಡಬೇಕು. ಜೋನ್ಸ್ ಆ ಎರಡನೆಯ ಲೇಖನದಲ್ಲಿ ಏಳು ವಿಧಾನಗಳನ್ನು ಹೋಲಿಸುತ್ತಾರೆ. ಹೆದರಿಸುವ ವಸ್ತುವನ್ನು ವಾರಗಳು, ತಿಂಗಳುಗಳ ಕಾಲ ತೋರಿಸದೆ ಇಟ್ಟರೆ ಮಗು ಅದನ್ನು ಮರೆಯುತ್ತದೆಂಬ ನಂಬಿಕೆ ನಿಲ್ಲಲಿಲ್ಲ. ಮೊಲಕ್ಕೆ ಹೆದರುತ್ತಿದ್ದ, ಐದನೆಯ ವರ್ಷದಲ್ಲಿದ್ದ ಹುಡುಗಿಯೊಬ್ಬಳಿಗೆ ದಿನವೂ ಮೊಲದ ಚಿತ್ರ, ಮೊಲದ ಕತೆ, ಮೊಲದ ಆಟಿಕೆಗಳ ಮೂಲಕ ಅಂಜಿಕೆ ಕಳೆಯಲು ನೋಡಿದರು. ಅವಳು ಮೊಲದ ಬಗ್ಗೆ ಖುಷಿಯಾಗಿ ಮಾತನಾಡುತ್ತಿದ್ದಳು, ನಿಜವಾದ ಮೊಲ ಬಂದಾಗ ಹಿಂದಿನಂತೆಯೇ ಹೆದರಿದಳು. ಓರಗೆಯವರ ಗೇಲಿಯಿಂದ ಪುಕ್ಕಲುತನ ಬಿಡಿಸುವ ದಾರಿಯೂ ಪ್ರಯೋಜನಕ್ಕೆ ಬರಲಿಲ್ಲ. ಗಮನ ಬೇರೆಡೆ ಸೆಳೆಯುವುದರಿಂದ ಆ ಹೊತ್ತು ಕಳೆಯುತ್ತಿತ್ತು, ಅಷ್ಟೆ. ಸಂದೇಹವಿಲ್ಲದೆ ಗೆದ್ದ ವಿಧಾನಗಳು ಎರಡು: ಹಿತವಾದ ಅನುಭವದೊಡನೆ ಬೆಸೆಯುವುದು, ಮತ್ತು ಅಂಜದ ಇತರರನ್ನು ನೋಡಿ ಅನುಕರಿಸಲು ಬಿಡುವುದು. ‘ಅದೇನೂ ಮಾಡಲ್ಲ ಕಣೋ, ಹೆದರಬೇಡ’ ಎಂಬ ನಮ್ಮ ಮನೆಮಾತಿನ ಸಮಾಧಾನಕ್ಕೆ ಈ ಪಟ್ಟಿಯಲ್ಲಿ ಸಿಕ್ಕ ಜಾಗ ಸೋತವರ ಸಾಲಿನಲ್ಲಿದೆ.

ಪ್ರಕರಣ ಮೂರು ದಶಕಗಳಷ್ಟು ಕಾಲ ಹೆಚ್ಚು ಗಮನ ಸೆಳೆಯಲಿಲ್ಲ. ಜೋನ್ಸ್ ಸ್ವತಃ 1927ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ, ಮಕ್ಕಳು ಬೆಳೆದು ದೊಡ್ಡವರಾಗುವುದನ್ನು ದಶಕಗಳ ಕಾಲ ಹಿಂಬಾಲಿಸುವ ಅಧ್ಯಯನಗಳಲ್ಲಿ ತೊಡಗಿಕೊಂಡರು. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಬೆಕ್ಕುಗಳ ಮೇಲಿನ ಪ್ರಯೋಗಗಳಲ್ಲಿ ಆಹಾರವನ್ನು ಇದೇ ರೀತಿ ಬಳಸಿದರು. 1958ರಲ್ಲಿ ಪ್ರಕಟಿಸಿದ ತಮ್ಮ ವಿಧಾನದಲ್ಲಿ ಮನುಷ್ಯರಿಗೆ ತಿನಿಸಿನ ಬದಲು ಸ್ನಾಯುಗಳನ್ನು ಸಡಿಲಿಸುವ ತರಬೇತಿ ಕೊಟ್ಟು, ಭಯದ ಸನ್ನಿವೇಶಗಳನ್ನು ಕಿರಿದರಿಂದ ಹಿರಿದಕ್ಕೆ ಕಲ್ಪಿಸಿಕೊಳ್ಳುವಂತೆ ಮಾಡಿದರು. ಜೋನ್ಸ್ ಅವರನ್ನು ವರ್ತನಾ ಚಿಕಿತ್ಸೆಯ (ಅಭ್ಯಾಸದಿಂದ ವರ್ತನೆಯನ್ನು ಬದಲಿಸುವ ಚಿಕಿತ್ಸೆಯ) ತಾಯಿ ಎಂದು ಕರೆದವರೂ ಅವರೇ. ಬಾರ್ಬರಾ, ಲಾರೆನ್ಸರಂಥ ಅಂಜದ ಮಕ್ಕಳ ಪಾತ್ರವನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಹೋದ್ಯೋಗಿಗಳು 1967ರಲ್ಲಿ, ನಾಯಿಗೆ ಹೆದರುವ ಶಿಶುವಿಹಾರದ ಮಕ್ಕಳಲ್ಲಿ ಪರೀಕ್ಷಿಸಿದರು. ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ವಿಧಾನದಲ್ಲಿ ಗರಿಷ್ಠ ಮೂರು ಗಂಟೆಗಳ ಒಂದೇ ಭೇಟಿಯಲ್ಲಿ ಚಿಕಿತ್ಸಕರು ಮೊದಲು ತಾವು ಮಾಡಿ ತೋರಿಸಿ, ಆಮೇಲೆ ರೋಗಿಯ ಒಪ್ಪಿಗೆ ಪಡೆದು ಹಂತಹಂತವಾಗಿ ಜೇಡವನ್ನೋ ಹಾವನ್ನೋ ಎದುರಿಸಲು ನೆರವಾಗುತ್ತಾರೆ.

ಟ್ಯಾಕ್ಸಿಯ ಬಳಿಯ ನಾಯಿಗೆ ಇಂದಿನ ಸಿದ್ಧಾಂತದಲ್ಲಿ ಹೆಚ್ಚು ತೃಪ್ತಿಕರವಾದ ವಿವರಣೆಯಿದೆ. ಚಿಕಿತ್ಸೆಯಿಂದ ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ‘ಇದರಿಂದ ಅಪಾಯವಿಲ್ಲ’ ಎಂಬ ಹೊಸ ಕಲಿಕೆಯೊಂದು ಬೆಳೆದು ಹಳೆಯದನ್ನು ತಡೆದು ಹಿಡಿಯುತ್ತದೆ ಎಂದು ಮನೋವಿಜ್ಞಾನಿ ಮಿಶೆಲ್ ಕ್ರಾಸ್ಕ್ ಮೊದಲಾದವರು ವಾದಿಸುತ್ತಾರೆ. ಹೊಸ ಕಲಿಕೆ ತಾನು ಹುಟ್ಟಿದ ಜಾಗಕ್ಕೆ, ಜೊತೆಗಿದ್ದವರಿಗೆ ಅಂಟಿಕೊಂಡಿರುತ್ತದೆ. ಕಾಲ ಕಳೆದರೆ, ಜಾಗ ಬದಲಾದರೆ, ಇಲ್ಲವೇ ಹೊಸದಾಗಿ ಬೆಚ್ಚಿಬೀಳುವಂಥದು ನಡೆದರೆ ಹಳೆಯದು ತಲೆಯೆತ್ತುತ್ತದೆ. ಪೀಟರನಿಗೆ ಈ ಮೂರೂ ಒಟ್ಟಿಗೆ ಒದಗಿದ್ದವು. ಆದ್ದರಿಂದಲೇ ಈಗ ಚಿಕಿತ್ಸಕರು ಒಂದೇ ಕೋಣೆಯಲ್ಲಿ, ಒಂದೇ ಪ್ರಾಣಿಯೊಡನೆ ಅಭ್ಯಾಸ ಮುಗಿಸದೆ, ಬೀದಿ, ಉದ್ಯಾನ, ನೆಂಟರ ಮನೆ ಎಂದು ಜಾಗ ಬದಲಿಸುತ್ತಾರೆ. ತಿನಿಸಿನ ಬಗ್ಗೆಯೂ ಅವರಲ್ಲಿ ಕೆಲವರು ಹುಬ್ಬೇರಿಸಿಯಾರು: ಹಿತವಾದುದೊಂದು ಸದಾ ಜೊತೆಗಿದ್ದರೆ, ಧೈರ್ಯ ಅದರದ್ದೇ ಎಂದು ಮನಸ್ಸು ತಿಳಿಯಬಹುದು.

ದೋಷಗಳು ಬೇಕಾದಷ್ಟಿವೆ. ಒಂದೇ ಮಗು, ಹೋಲಿಕೆಗೆ ಬೇರೆ ಗುಂಪಿಲ್ಲ. ತಿನಿಸು, ಗೆಳೆಯರು, ಅಪ್ಪನೆನಿಸಿದ ಡಾ. ಎಸ್. ಎಲ್ಲವೂ ಬೆರೆತಿರುವುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಲಾಗುವುದಿಲ್ಲ. ಹೆದರುವ ಮಗುವಿನ ಬೆನ್ನ ಹಿಂದಿನಿಂದ ಇಲಿ ಬಿಡುವುದಕ್ಕೆ ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದು. ಭಯ ಹುಟ್ಟಿದ ಮೂಲ ಸನ್ನಿವೇಶ ತಮಗೆ ಗೊತ್ತಿಲ್ಲವೆಂದೂ, ತಾವು ಕಳೆದದ್ದು ಅದರಿಂದ ಹರಡಿದ ಭಯಗಳನ್ನು ಮಾತ್ರವೆಂದೂ ಜೋನ್ಸ್ ಅವರೇ ಬರೆದಿದ್ದಾರೆ. ಅರ್ಧ ಶತಮಾನದ ನಂತರ ಈ ಕೆಲಸದತ್ತ ಹಿಂತಿರುಗಿ ನೋಡಿದಾಗ, ಮೂರು ವರ್ಷದ ಮಗುವಿನ ಭಯವನ್ನು ಆ ಮಗುವಿನ ಒಟ್ಟು ವ್ಯಕ್ತಿತ್ವದಿಂದ ಬೇರ್ಪಡಿಸಿ ಚಿಕಿತ್ಸೆ ಮಾಡುವುದು ತಮಗೆ ಈಗ ಅಷ್ಟು ಸಮಾಧಾನ ಕೊಡದೆಂಬ ಅರ್ಥದ ಮಾತನ್ನೂ ಹೇಳಿದರು.

ಆ ಅಸಮಾಧಾನದ ಬೀಜ 1924ರ ವರದಿಯ ಕೊನೆಯ ಭಾಗದಲ್ಲೇ ಇದೆ. ಪೀಟರ್ ಮನೆಗೆ ಮರಳಿದ. ಮನೆಯೆಂದರೆ ಒಂದೇ ಕೋಣೆ. ಅದರಲ್ಲಿ ತಂದೆ, ತಾಯಿ, ಒಂಬತ್ತು ವರ್ಷದ ಅಣ್ಣ ಮತ್ತು ಅವನು.  ಅಕ್ಕನೊಬ್ಬಳು ತೀರಿಕೊಂಡ ಮೇಲೆ ತಂದೆತಾಯಿಯ ಅತಿಮುದ್ದೆಲ್ಲ ಇವನ ಪಾಲಿಗೆ ಬಂದಿತ್ತು, ಅಣ್ಣನ ಹೊಟ್ಟೆಯುರಿಯೂ ಅದರೊಡನೆ ಬಂದಿತ್ತು. ಎಷ್ಟು ಚಿಕ್ಕ ಭೇಟಿಯಾದರೂ ಕಣ್ಣೀರಿಲ್ಲದೆ ಮುಗಿಸಲಾಗದ ಆ ತಾಯಿಗೆ ಮಗನನ್ನು ಹದ್ದಿನಲ್ಲಿಡಲು ಗೊತ್ತಿದ್ದ ದಾರಿ ಹೆದರಿಸುವುದು. ಬೀದಿಯಲ್ಲಿದ್ದವನನ್ನು, ಯಾರೋ ನಿನ್ನನ್ನು ಕದ್ದೊಯ್ಯುತ್ತಾರೆ, ಒಳಗೆ ಬಾ ಎಂದು ಕರೆಯುತ್ತಿದ್ದಳು. ನಮ್ಮಲ್ಲಿ ಇದೇ ಕೆಲಸಕ್ಕೆ ಗುಮ್ಮ ಬರುತ್ತಾನೆ, ಮಕ್ಕಳ ಕಳ್ಳ ಬರುತ್ತಾನೆ, ಕೆಲವೊಮ್ಮೆ ಪೊಲೀಸಿನವನೂ ಬರುತ್ತಾನೆ. ಮೊಲವನ್ನು 12 ಅಡಿಯಿಂದ ಬೆರಳ ತುದಿಯ ತನಕ ತಂದವರು ಆ ಕರೆಯನ್ನು ಬರೆದುಕೊಂಡರು. ಹಾಗೆ ಕರೆಯುತ್ತಿದ್ದ ತಾಯಿಯ ಜೊತೆ ಕೂತು ಕೆಲಸ ಮಾಡುವುದು ಅವರ ಅಧ್ಯಯನದ ಯೋಜನೆಯಲ್ಲಿ ಇರಲಿಲ್ಲ.